ಸ್ಪೀಕರ್ ತಂತಿ: ಕೊಳ್ಳುವ ಮೊದಲು ಒಂದು ಎಳೆಯನ್ನು ಕೆರೆದು ನೋಡಿ
ಸ್ಪೀಕರ್ ಕೇಬಲ್ ಕೊಳ್ಳುವಾಗ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗಿದ್ದರೆ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಲ್ಯೂಮಿನಿಯಂ ತಂತಿಯ ವಿದ್ಯುತ್ ರೋಧ ಅದೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು, ಮತ್ತು ಸ್ಪೀಕರ್ ತಂತಿಯಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಈ ರೋಧವೇ ಹೊರತು ಹೊದಿಕೆಯ ಬಣ್ಣವಾಗಲಿ ಚಿನ್ನದ ಲೇಪವಾಗಲಿ ಅಲ್ಲ. ಹೋಗಿ ಬರುವ ಎರಡೂ ತಂತಿಗಳ ಒಟ್ಟು ರೋಧ ಸ್ಪೀಕರಿನ ಓಮ್‌ನ (ಓಮ್ ಎಂದರೆ ರೋಧದ ಅಳತೆ) ಶೇ. 5ನ್ನು ಮೀರದಿದ್ದರೆ ಸಾಕೆಂಬುದು ರೂಢಿಯ ಅಳತೆ. ಆ ಲೆಕ್ಕದಲ್ಲಿ 1.5 ಚದರ ಮಿ.ಮೀ. ತಾಮ್ರದ ತಂತಿ 8 ಓಮ್ ಸ್ಪೀಕರಿಗೆ 15 ಮೀಟರಿನವರೆಗೂ, 4 ಓಮ್‌ನದಕ್ಕೆ 8 ಮೀಟರಿನವರೆಗೂ ಧಾರಾಳವಾಗಿ ಸಾಲುತ್ತದೆ. ಹಾಸನದ ಸಾಮಾನ್ಯ ಹಜಾರಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ತೊಟ್ಟಿಮನೆಯ ಉದ್ದಕ್ಕೂ ಎಳೆಯುವವರು 2.5ಕ್ಕೆ ಹೋಗಲಿ. ತವರ ಲೇಪಿಸಿದ ತಾಮ್ರದ ಎಳೆ ಹೊರಗೆ ಬೆಳ್ಳಗೆ ಕಾಣುವುದರಿಂದ ಮೇಲ್ನೋಟಕ್ಕೆ ತಿರಸ್ಕರಿಸಬೇಡಿ, ಅದನ್ನು ಕೆರೆದಾಗ ಕೆಂಪು ಕಾಣುತ್ತದೆ. ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರುಗಳಿಗೆ ಈ ಲೆಕ್ಕ ಅನ್ವಯಿಸದು, ಏಕೆಂದರೆ ಅವುಗಳಿಗೆ ಹೋಗುವುದು ಸಣ್ಣ ಸಂಕೇತ ಮಾತ್ರ, ಅದಕ್ಕೆ ಕವಚವಿರುವ ಕೇಬಲ್ಲೇ ಬೇಕು. ಮೂಡಿಗೆರೆ, ಸಕಲೇಶಪುರದ ಕಡೆಯ ಮಳೆಗಾಲದ ತೇವಕ್ಕೆ ಒಳ್ಳೆಯ ತಾಮ್ರದ ತುದಿಯೂ ಕಪ್ಪಾಗಿ ಕಿಲುಬು ಹಿಡಿಯುತ್ತದೆ. ತಂತಿಯನ್ನು ಒಂದು ಗೇಣು ಹೆಚ್ಚಾಗಿಯೇ ಬಿಟ್ಟುಕೊಂಡಿದ್ದರೆ, ಮಳೆ ಹಿಂದಾದ ಮೇಲೆ ತುದಿಯನ್ನು ಕತ್ತರಿಸಿ, ಹೊಸದಾಗಿ ಸುಲಿದು ಬಿಗಿಯಬಹುದು.