ಸ್ಟೇಷನ್ ವೈಫೈ: ಅರ್ಧ ಗಂಟೆ ಮುಗಿಯುವ ಮೊದಲೇ ದುಡ್ಡು ಕಟ್ಟಿ

ಶಿವಮೊಗ್ಗ ಟೌನ್ ಸ್ಟೇಷನ್‌ನಲ್ಲಿ ತಾಳಗುಪ್ಪ ರೈಲಿಗೆ ಕಾಯುವವರಿಗೆ ಒಂದು ಸಲಹೆ. ಫೋನಿನ ವೈಫೈ ಪಟ್ಟಿಯಲ್ಲಿ ‘ರೈಲ್‌ವೈರ್’ ಕಾಣಿಸಿದರೆ ಒತ್ತಿ, ಬ್ರೌಸರ್ ತೆರೆದು ಮೊಬೈಲ್ ನಂಬರ್ ಹಾಕಿ. ಓಟಿಪಿ ಬರುತ್ತದೆ. ದಿನಕ್ಕೆ ಮೊದಲ 30 ನಿಮಿಷ ಪುಕ್ಕಟೆ, ವೇಗ ಮಾತ್ರ 1 ಎಂಬಿಪಿಎಸ್. ವಾಟ್ಸಾಪ್‌ಗೆ ಸಾಕು. ಜಾಸ್ತಿ ಬೇಕಾದರೆ ದುಡ್ಡು ಕಟ್ಟಬೇಕು. 2021ರಲ್ಲಿ ಶುರುವಾದಾಗ ಒಂದು ದಿನಕ್ಕೆ 10 ರೂಪಾಯಿ, 5 ಜಿಬಿ ಇತ್ತು. ಈಗಿನ ದರ ನೋಡಿಕೊಂಡೇ ಕಟ್ಟಿ.

ನಾನು ಎಡವಿದ್ದು ಇಲ್ಲೇ. ಹೋದ ಮಳೆಗಾಲದಲ್ಲಿ ಡೇಟಾ ಖಾಲಿ, ಪುಕ್ಕಟೆ ಅರ್ಧ ಗಂಟೆಯೂ ಮುಗಿದಿತ್ತು. ದುಡ್ಡು ಕಟ್ಟೋಣ ಅಂದರೆ ಯುಪಿಐಗೂ ನೆಟ್ ಬೇಕು, ಅಲ್ವಾ! ಚಕ್ರ ಸುಮ್ನೆ ತಿರುಗುತ್ತಲೇ ಇತ್ತು. ಕೊನೆಗೆ ಪಕ್ಕದಲ್ಲಿ ಒದ್ದೆ ಕೊಡೆ ಹಿಡಿದು ಕೂತಿದ್ದ ಕಾಲೇಜು ಹುಡುಗ ಹಾಟ್‌ಸ್ಪಾಟ್ ಕೊಟ್ಟ. ಹಾಗಾಗಿ ಪುಕ್ಕಟೆ ನೆಟ್ ಇರುವಾಗಲೇ ಪ್ಲಾನ್ ಹಾಕಿಸಿಕೊಳ್ಳಿ.

ಪೇಟೆಯಲ್ಲಾದರೆ ‘ಪಿಎಂ-ವಾಣಿ’ ಇದೆಯಾ ನೋಡಿ. ಸಣ್ಣ ಅಂಗಡಿಯವರೂ ವೈಫೈ ಮಾರಬಹುದಾದ ವ್ಯವಸ್ಥೆ ಅದು, ಕೇಂದ್ರ ಸರ್ಕಾರ 2020ರಲ್ಲಿ ಒಪ್ಪಿದ್ದು. ಹತ್ತಿರ ಎಲ್ಲಿದೆ ಅಂತ ಆ್ಯಪ್ ತೋರಿಸುತ್ತದೆ. ಆ್ಯಪ್ ಮಾತ್ರ ಮನೆಯಲ್ಲೇ ಹಾಕಿಕೊಂಡು ಹೊರಡಿ. ಇನ್ನು ಘಟ್ಟದ ಕಡೆ ಸಿಗ್ನಲ್ಲೇ ಇಲ್ಲದಿದ್ದರೆ ಓಟಿಪಿಯೂ ಬರೋದಿಲ್ಲ, ಅಲ್ಲಿ ವೈಫೈ ಇದ್ದರೂ ಕಷ್ಟವೇ.