ಹಳೆಯ ಕಂಪ್ಯೂಟರಿನ ಕಡತಗಳನ್ನು ಹೊಸದಕ್ಕೆ ಸಾಗಿಸಿದ ನನ್ನ ಅನುಭವ

ಮುಂಬಯಿಯ ಮಾಟುಂಗಾದಲ್ಲಿರುವ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಹದಿನೈದು ವರ್ಷಗಳ ಫೋಟೊಗಳು, ತಂಗಿಯ ಮದುವೆಯ ವಿಡಿಯೊ ಹಾಗೂ ತಂದೆಯವರು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದ ಲೇಖನಗಳಿದ್ದವು. ಅವುಗಳನ್ನು ಹೊಸ ಲ್ಯಾಪ್‌ಟಾಪಿಗೆ ಸಾಗಿಸಲು 32 ಜಿಬಿಯ ಪೆನ್‌ಡ್ರೈವ್ ಬಳಸಿದೆ. ಫೋಟೊಗಳು ಸಲೀಸಾಗಿ ಬಂದವು; ಆದರೆ ಸುಮಾರು 6 ಜಿಬಿಯ ವಿಡಿಯೊ ಮಾತ್ರ, ಡ್ರೈವಿನಲ್ಲಿ ಸಾಕಷ್ಟು ಜಾಗವಿದ್ದರೂ, ಕಡತ ತೀರಾ ದೊಡ್ಡದೆಂಬ ಸೂಚನೆಯೊಂದಿಗೆ ನಿಂತುಬಿಡುತ್ತಿತ್ತು. ಡ್ರೈವಿನ ಪ್ರಾಪರ್ಟೀಸ್ ತೆರೆದಾಗ ಕಾರಣ ತಿಳಿಯಿತು: ಅದು ಡ್ರೈವಿನಲ್ಲಿ ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿತ್ತು, ಆ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತವೂ 4 ಜಿಬಿಗಿಂತ ಚಿಕ್ಕದಾಗಿರಲೇಬೇಕು. ವ್ಯವಸ್ಥೆ ಬದಲಿಸಲು ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಅಳಿಸಿಹೋಗುವುದರಿಂದ ಡ್ರೈವಿನಲ್ಲಿದ್ದುದನ್ನು ಮೊದಲು ಬೇರೆಡೆ ಉಳಿಸಿಕೊಂಡು, ಅನಂತರ ಆ ಮಿತಿಯಿಲ್ಲದ ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದೆ. ವಿಡಿಯೊ ಒಂದೇ ಸಲಕ್ಕೆ ಬಂದಿತು.

ನನಗೆ ಹೆಚ್ಚು ಆತಂಕವಾದದ್ದು ತಂದೆಯವರ ಲೇಖನಗಳ ಬಗ್ಗೆ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಂಡವು. ಕಡತಗಳು ಕೆಟ್ಟಿರಲಿಲ್ಲ, ಅವು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆಯ ಪದ್ಧತಿಯಲ್ಲಿದ್ದವು, ಅದಕ್ಕೆ ಬೇಕಾದ ಫಾಂಟ್ ಇಲ್ಲಿರಲಿಲ್ಲ. ಹಳೆಯ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನು ತಂದು ಹಾಕಿದೊಡನೆ ಅವರ ಬರಹ ಮೊದಲಿನಂತೆಯೇ ಮೂಡಿತು. ಈಗ ಒಂದೊಂದನ್ನೇ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಮೂಲದೊಂದಿಗೆ ಹೋಲಿಸಿ ನೋಡುತ್ತಿದ್ದೇನೆ. ಅದು ಮುಗಿಯುವವರೆಗೆ ಹಳೆಯ ಡಿಸ್ಕನ್ನು ಅಳಿಸುವುದಿಲ್ಲ.