ಹಳೇ ಕಾರಿನ ಸೀಟ್ ಬೆಲ್ಟ್: ಯಾವುದನ್ನು ತೊಳೆದೆ, ಯಾವುದನ್ನು ಬದಲಿಸಿದೆ

ನಮ್ಮ ಕಾರು 2006ರದ್ದು. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ. ಸೀಟ್ ಬೆಲ್ಟುಗಳು ಮಾತ್ರ ಒಂದೊಂದೂ ಒಂದೊಂದು ತಕರಾರು ಶುರು ಮಾಡಿದ್ದವು. ಡ್ರೈವರ್ ಕಡೆಯದು ಬಿಚ್ಚಿ ಬಿಟ್ಟರೆ ಒಳಗೆ ಸುತ್ತಿಕೊಳ್ಳುತ್ತಿರಲಿಲ್ಲ, ಸುಮ್ನೆ ಜೋತು ಬೀಳುತ್ತಿತ್ತು. ಎಡಗಡೆಯದರ ಅಂಚು ಹರಿದು ನೂಲು ಎದ್ದಿತ್ತು. ಹಿಂದಿನ ಸೀಟಿನ ಒಂದು ಬಕಲ್ ಕಚ್ಚುತ್ತಲೇ ಇರಲಿಲ್ಲ. 2021ರಲ್ಲಿ ಹದಿನೈದು ವರ್ಷ ತುಂಬಿದಾಗ ಆರ್‌ಸಿಯನ್ನು ಐದು ವರ್ಷಕ್ಕೆ ರಿನ್ಯೂ ಮಾಡಿಸಿದ್ದೆವು, ಅದೂ ಮುಗಿಯುತ್ತಾ ಬಂದಿತ್ತು. ಆರ್‌ಟಿಒದವರ ಮುಂದೆ ಗಾಡಿ ನಿಲ್ಲಿಸುವ ಮೊದಲು ಬೆಲ್ಟಿನ ಕೆಲಸ ಮುಗಿಸಬೇಕು ಅಂದುಕೊಂಡೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಏರ್‌ಬ್ಯಾಗ್ ಇಲ್ಲದ ಗಾಡಿ. ಏರ್‌ಬ್ಯಾಗ್ ಇರುವ ಕಾರುಗಳ ಮುಂದಿನ ಬೆಲ್ಟಿಗೆ ಸಾಮಾನ್ಯವಾಗಿ ಪ್ರಿಟೆನ್ಷನರ್ ಇರುತ್ತದೆ. ಅದರೊಳಗಿನ ಸಣ್ಣ ಮದ್ದು ಡಿಕ್ಕಿಯಾದ ಕ್ಷಣ ಸಿಡಿದು ಬೆಲ್ಟನ್ನು ಬಿಗಿ ಮಾಡುತ್ತದೆ. ಅಂಥ ಗಾಡಿಯಲ್ಲಿ ಪಟ್ಟಿ ತೊಳೆಯುವುದಕ್ಕೆ ಅಡ್ಡಿಯಿಲ್ಲ, ಬೋಲ್ಟ್ ಬಿಚ್ಚುವ ಕೆಲಸ ಮಾತ್ರ ಸರ್ವಿಸ್ ಸೆಂಟರಿನವರಿಗೇ ಬಿಡಿ.

ಗ್ಯಾರೇಜಿನಲ್ಲಿ ಡ್ರೈವರ್ ಬೆಲ್ಟ್ ತೋರಿಸಿದಾಗ ಬಂದ ಉತ್ತರ, "ಸ್ಪ್ರಿಂಗ್ ಹೋಗೇತ್ರಿ ಅಣ್ಣಾರ, ಸೆಟ್ಟೇ ಬದ್ಲಿ ಮಾಡ್ಸಿಬಿಡ್ರಿ." ಇರಬಹುದು. ಆದರೆ ಸ್ಪ್ರಿಂಗ್ ಹೋಗಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಭುಜದ ಹತ್ತಿರ, ಬಾಗಿಲ ಪಕ್ಕದ ಪಿಲ್ಲರಿನಲ್ಲಿ, ಬೆಲ್ಟ್ ತೂರಿ ಬರುವ ಒಂದು ಬಳೆ ಇರುತ್ತದೆ. ಆ ಬಳೆಗೂ, ಕೆಳಗೆ ಸ್ಪ್ರಿಂಗ್ ಬಲದಲ್ಲಿ ಬೆಲ್ಟನ್ನು ಸುತ್ತಿಕೊಳ್ಳುವ ರೀಲಿಗೂ ನಡುವಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೇರವಾಗಿ ರೀಲಿನ ಕಡೆ ಬಿಡುತ್ತಾ ಬಂದೆ. ಸರಸರ ಅಂತ ಎಳೆದುಕೊಂಡಿತು. ಅಂದರೆ ಸ್ಪ್ರಿಂಗಿಗೆ ಶಕ್ತಿ ಇದೆ, ಪಟ್ಟಿ ಸಿಕ್ಕಿಕೊಳ್ಳುತ್ತಿರುವುದು ಮೇಲೆ ಬಳೆಯಲ್ಲಿ. ಕೈಯಲ್ಲಿ ಬಿಟ್ಟಾಗಲೂ ಎಳೆದುಕೊಳ್ಳದಿದ್ದರೆ ರೀಲೇ ಹೋಗಿದೆ ಅಂತ ಲೆಕ್ಕ.

ಬಳೆಯ ಒಳಗೆ ಬೆರಳಾಡಿಸಿದರೆ ಉಗುರಿಗೆ ಕಪ್ಪು ಮೇಣ ಬಂತು. ಹತ್ತೊಂಬತ್ತು ವರ್ಷದ ಬೆವರು, ತಲೆಗೆ ಹಚ್ಚಿದ ಎಣ್ಣೆ, ನಮ್ಮೂರ ಧೂಳು, ಎಲ್ಲಾ ಸೇರಿ ಪದರವಾಗಿ ಕೂತಿತ್ತು. ಪಟ್ಟಿಯೂ ಅಷ್ಟೇ, ಭುಜಕ್ಕೆ ತಾಗುವ ಜಾಗದಲ್ಲಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು.

ತೊಳೆಯುವ ಕ್ರಮ ಹೀಗೆ. ಬೆಲ್ಟನ್ನು ನಿಧಾನಕ್ಕೆ ಪೂರ್ತಿ ಹೊರಗೆಳೆಯಬೇಕು. ರೀಲಿನ ಬಾಯಿಯ ಹತ್ತಿರ ಫೈಲಿಗೆ ಹಾಕುವ ದೊಡ್ಡ ಕ್ಲಿಪ್ ಕಚ್ಚಿಸಬೇಕು, ಇಲ್ಲದಿದ್ದರೆ ಒದ್ದೆ ಪಟ್ಟಿ ಒಳಗೆ ಓಡಿಹೋಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ, ಮೆತ್ತನೆ ಬ್ರಷ್ಷಿನಲ್ಲಿ ಪಟ್ಟಿಯ ಉದ್ದಕ್ಕೆ ಉಜ್ಜಿದೆ. ಅಡ್ಡಡ್ಡ ಉಜ್ಜಿದರೆ ನೂಲು ಏಳುತ್ತದೆ. ಮೊದಲ ಬಕೆಟ್ ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ನೀರು ತಿಳಿಯಾಗುವವರೆಗೂ ಬದಲಿಸುತ್ತಾ ಹೋದೆ. ಬ್ಲೀಚ್, ಪೆಟ್ರೋಲ್, ತಿನ್ನರ್ ಹತ್ತಿರ ಕೂಡ ತರಬೇಡಿ, ಪಾಲಿಯೆಸ್ಟರ್ ನೂಲಿನ ಶಕ್ತಿ ಹೋಗುತ್ತದೆ. ಬಳೆಯನ್ನು ಸರ್ಜಿಕಲ್ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿದೆ. ಜಾರಲಿ ಅಂತ ಎಣ್ಣೆ ಬಿಡುವವರೂ ಇದ್ದಾರೆ. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಅದೇ ಎಣ್ಣೆಗೆ ಇನ್ನಷ್ಟು ಧೂಳು ಅಂಟುತ್ತದೆ.

ಕ್ಲಿಪ್ ಹಾಗೇ ಬಿಟ್ಟು, ಬಾಗಿಲು ತೆಗೆದು ನೆರಳಲ್ಲಿ ಪೂರ್ತಿ ಒಣಗಿಸಿದೆ. ಬೇಸಿಗೆ ಬಿಸಿಲಿದೆಯಲ್ಲಾ ಅಂತ ಆಸೆಯಾಗುತ್ತದೆ, ಆದರೆ ಈ ನೂಲಿಗೆ ಬಿಸಿಲೂ ಒಳ್ಳೆಯದಲ್ಲ. ಒಣಗಿದ ಮೇಲೆ ಕ್ಲಿಪ್ ತೆಗೆದರೆ ಬೆಲ್ಟ್ ಟಕ್ ಅಂತ ಮೇಲೆ ಹೋಗಿ ಕೂತಿತು. ಸೋಪು, ಸ್ಪಿರಿಟ್ ಬಿಟ್ಟರೆ ಖರ್ಚೇ ಇಲ್ಲ.

ಎಡಗಡೆಯದು ಆ ಹಂತ ದಾಟಿತ್ತು. ಅದಕ್ಕೂ ಇದೇ ರೋಗ, ಆದರೆ ಅಮ್ಮ ಇಳಿಯುವಾಗ ಜೋತುಬಿದ್ದ ಬೆಲ್ಟ್ ಬಾಗಿಲಿಗೆ ಸಿಕ್ಕಿ ಸಿಕ್ಕಿ ಅಂಚು ಕತ್ತರಿಸಿಹೋಗಿತ್ತು. ಬೆಲ್ಟ್ ನಿಧಾನಕ್ಕೆ ಸುತ್ತಿಕೊಳ್ಳುವುದನ್ನು ಎಲ್ಲರೂ ಸಣ್ಣ ಕಿರಿಕಿರಿ ಅಂದುಕೊಳ್ಳುತ್ತಾರೆ. ಪಟ್ಟಿ ಹರಿಯುವುದು ಹೀಗೇ.

ಸೀಟ್ ಕವರ್ ಹೊಲಿಯುವವರು "ಟಾರ್ಪಾಲಿನ್ ಹೊಲಿಯೋ ಮಷೀನ್‌ನಾಗ ಹಾಕ್ಕೊಡ್ತೀನಿ, ಏನೂ ಆಗಲ್ಲ" ಅಂದರು. ಬೇಡ ಅಂದೆ. ಡಿಕ್ಕಿಯಾದಾಗ ಆ ಪಟ್ಟಿಯ ಮೇಲೆ ಬೀಳುವ ಎಳೆತ ನಮ್ಮ ತೂಕದ ಹತ್ತಾರು ಪಟ್ಟು. ನೇಯ್ಗೆಯ ಎಳೆ ತುಂಡಾದ ಜಾಗಕ್ಕೆ ಮೇಲಿಂದ ಹೊಲಿಗೆ ಹಾಕಿದರೆ ಸೂಜಿ ಇನ್ನಷ್ಟು ಎಳೆ ಕಡಿಯುತ್ತದೆ, ಬಲ ಬರುವುದಿಲ್ಲ. ಗುಜರಿಯಿಂದ ತಂದು ಹಾಕುವ ಸಲಹೆಯೂ ಬಂತು. ಗುಜರಿಗೆ ಬರುವ ಎಷ್ಟೋ ಗಾಡಿಗಳು ಅಪಘಾತವಾದವೇ ಅಲ್ವಾ? ಒಮ್ಮೆ ಜೋರಾಗಿ ಎಳೆಸಿಕೊಂಡ ಬೆಲ್ಟಿನ ನೂಲು ಹಿಗ್ಗಿರುತ್ತದೆ, ಅದು ಕಣ್ಣಿಗೆ ಕಾಣಬೇಕೆಂದಿಲ್ಲ.

ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಆರ್‌ಸಿ ಹಿಡಿದು ಹೋದೆ. ಚಾಸಿಸ್ ನಂಬರ್, ತಯಾರಾದ ವರ್ಷ, ಎಡವೋ ಬಲವೋ, ಮೂರೂ ಬೇಕು. ಎಡಬಲದ ರೀಲು ಅದಲುಬದಲು ಮಾಡಿದರೆ ನಡೆಯುವುದಿಲ್ಲ. ಆರ್ಡರ್ ಹಾಕಿ ತರಿಸಿದರು, ಒಂದು ಹೊಸ ಟೈರಿಗಿಂತ ಕಡಿಮೆಯೇ ಆಯಿತು. ಪಟ್ಟಿಯ ಕೆಳತುದಿಗೆ ಹೊಲಿದ ಚೀಟಿ ನೋಡಿ ತೆಗೆದುಕೊಳ್ಳಿ. ಸೀಟ್ ಬೆಲ್ಟಿಗೆ ನಮ್ಮಲ್ಲಿರುವ ಮಾನದಂಡ ಐಎಸ್ 15140. ಚೀಟಿಯೇ ಇಲ್ಲದ್ದು ಬೇಡ.

ಹೊಸ ಸೆಟ್ ಕೈಗೆ ಬಂದ ತಕ್ಷಣ ಎಳೆದು ನೋಡಿದರೆ ಅಲ್ಲಾಡುವುದಿಲ್ಲ. ಗಾಬರಿ ಬೇಡ. ರೀಲಿನ ಪಕ್ಕದಲ್ಲಿ ಸಣ್ಣ ಬಟ್ಟಲಲ್ಲಿ ಒಂದು ಗುಂಡು ಇರುತ್ತದೆ. ಬ್ರೇಕ್ ಬಿದ್ದಾಗ ಅಥವಾ ರೀಲು ಓರೆಯಾದಾಗ ಗುಂಡು ಉರುಳಿ ಒಂದು ಕೊಕ್ಕೆಯನ್ನು ಎತ್ತುತ್ತದೆ, ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿ ಬೆಲ್ಟ್ ಲಾಕ್ ಆಗುತ್ತದೆ. ರೀಲನ್ನು ಅದು ಕಾರಿನಲ್ಲಿ ಕೂರುವ ಹಾಗೇ ಹಿಡಿದರೆ ಸಲೀಸಾಗಿ ಬರುತ್ತದೆ. ಚಿತ್ರದುರ್ಗದಲ್ಲಿ ಕೋಟೆ ಕಡೆ ಮನೆಯಿರುವ ನಮ್ಮ ಭಾವ ಒಮ್ಮೆ "ಬೆಲ್ಟೇ ಬರವಲ್ದಪ್ಪ" ಅಂತ ಫೋನ್ ಮಾಡಿದ್ದರು. ಗಾಡಿ ಇಳಿಜಾರಿನಲ್ಲಿ ನಿಂತಿತ್ತು. ಸಮತಟ್ಟಿಗೆ ತಂದು ನಿಲ್ಲಿಸಿ ಅಂದೆ, ಸರಿಹೋಯಿತು.

ಹಳೆಯದನ್ನು ಬಿಚ್ಚುವ ಮೊದಲು ಎಲ್ಲಾ ಕಡೆ ಫೋಟೋ ತೆಗೆದುಕೊಂಡೆ. ವಾಷರ್, ಬುಶ್ ಯಾವ ಕ್ರಮದಲ್ಲಿ ಕೂರಬೇಕೋ ಹಾಗೇ ಕೂರಬೇಕು, ಇಲ್ಲದಿದ್ದರೆ ಬಳೆ ತಿರುಗುವುದಿಲ್ಲ. ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಬೇಕು, ಥ್ರೆಡ್ ಸರಿಯಾಗಿ ಕಚ್ಚಿದ ಮೇಲೆ ಸಾಕೆಟ್. ಕೊನೆಯ ಬಿಗಿಯನ್ನು ಮೆಕ್ಯಾನಿಕ್ ಹತ್ತಿರ, ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ರೆಂಚಿನಲ್ಲೇ ಹಾಕಿಸಿದೆ. ಪಟ್ಟಿ ತಿರುಚಿಲ್ಲ ಅಂತಲೂ ನೋಡಿಕೊಳ್ಳಿ. ರೀಲಿನ ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಮುಚ್ಚಳವನ್ನು ಮಾತ್ರ ಕುತೂಹಲಕ್ಕೂ ತೆಗೆಯಬೇಡಿ. ಸುರುಳಿ ಚಿಮ್ಮಿ ಮುಖಕ್ಕೆ ಹೊಡೆಯುತ್ತದೆ, ಮತ್ತೆ ಕೂರಿಸಲಿಕ್ಕೂ ಆಗುವುದಿಲ್ಲ.

ಹಿಂದಿನ ಬಕಲ್ ಕಥೆ ಬೇರೆ. ಸೀಟ್ ಎತ್ತಿ, ಬಕಲ್ ತಲೆಕೆಳಗೆ ಹಿಡಿದು ತಟ್ಟಿದರೆ ಉದುರಿದ್ದು ಮಂಡಕ್ಕಿ! ಜೊತೆಗೆ ಶೇಂಗಾ ಸಿಪ್ಪೆ, ಸ್ವಲ್ಪ ಖಾರದ ಪುಡಿ. ದಾವಣಗೆರೆ ಕಾರಲ್ಲಿ ಇನ್ನೇನು ಸಿಗಬೇಕು ಹೇಳಿ. ವ್ಯಾಕ್ಯೂಮ್ ಕ್ಲೀನರ್ ಹಿಡಿದೆ. ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟರೆ ಕಸ ಇನ್ನೂ ಒಳಗೆ ಹೋಗುವ ಸಾಧ್ಯತೆ ಜಾಸ್ತಿ. ಆಮೇಲೆ ಟಕ್ ಅಂದಿತು, ಎಷ್ಟು ಜಗ್ಗಿದರೂ ಬಿಡಲಿಲ್ಲ, ಕೆಂಪು ಗುಂಡಿ ಒತ್ತಿದರೆ ತಾನಾಗಿ ಹೊರಗೆ ಬಂತು. ಈ ಮೂರರಲ್ಲಿ ಒಂದು ಆಗದಿದ್ದರೂ ಬಕಲ್ ಬದಲಿಸಲೇಬೇಕು.

ಊರ ಹೊರಗಿನ ಖಾಲಿ ಲೇಔಟ್ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಬ್ರೇಕ್ ಒತ್ತಿ ನೋಡಿದೆ. ಮುಂದಿನ ಎರಡೂ ಲಾಕ್ ಆದವು. ಹಿಂದೆ ಮಗನನ್ನು ಕೂರಿಸಿದ್ದೆ, ಅವನದೂ ಹಿಡಿಯಿತು. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 194ಬಿ ಪ್ರಕಾರ ದಂಡ 1000 ರೂಪಾಯಿ.

ಉಳಿದದ್ದು ಸೀಟ್ ಕವರ್. ಹಿಂದಿನ ಬಕಲ್‌ಗಳನ್ನೆಲ್ಲಾ ಮುಚ್ಚಿ ಹೊಲಿದಿದ್ದರು. ಅದೇ ಹೊಲಿಯುವವರ ಹತ್ತಿರ ಹೋಗಿ ಮೂರು ಕಡೆ ಕಿಂಡಿ ಬಿಡಿಸಿ ಅಂಚು ಕಟ್ಟಿಸಿದೆ. "ಇದನ್ನ ಯಾರೂ ಕೇಳಂಗಿಲ್ರಿ" ಅಂದರು, ದುಡ್ಡು ಮಾತ್ರ ತಗೊಳ್ಳಲಿಲ್ಲ.